ಗೀರಣ್ಣನ ಎರಡು ಚರ್ಮ

ಗೀರಣ್ಣ ತೀರಿಕೊಂಡು ಒಂಬತ್ತು ತಿಂಗಳಾಯಿತು. ಅವನ ಚರ್ಮ ಮಾತ್ರ ಇನ್ನೂ ಕೆಲಸದಲ್ಲಿದೆ. ತಮಾಷೆಗೆ ಹೇಳುತ್ತಿಲ್ಲ. ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ, ಮೈಯಷ್ಟೇ ಬೆಚ್ಚಗಿರುವ ಒಂದು ಪೆಟ್ಟಿಗೆಯೊಳಗೆ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಅದು ಬೆಳೆಯುತ್ತಿದೆ. ಅದು ಅಲ್ಲಿಗೆ ಹೇಗೆ ಬಂತು, ಅದರಿಂದ ಅವನ ಬಲಗಾಲಿಗೆ ಏನಾಯಿತು ಅನ್ನುವುದೇ ಅವನ ಬದುಕಿನ ದೊಡ್ಡ ಸಂಗತಿ. ಉಳಿದಂತೆ ಅವನು ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿಯುವ, ಛತ್ರಿ ಮರೆಯದ, ಯಾರ ತಂಟೆಗೂ ಹೋಗದ ಮನುಷ್ಯ.

ಅವನ ಕೆಲಸ ಗಾಯ ಮಾಡುವುದು. ತಟ್ಟೆಯ ತಳದಲ್ಲಿ ಚರ್ಮದ ಜೀವಕೋಶಗಳು ಭುಜಕ್ಕೆ ಭುಜ ತಾಗಿಸಿಕೊಂಡು, ಕಲ್ಲು ಹಾಸಿದ ಅಂಗಳದ ಹಾಗೆ ತೆರಪಿಲ್ಲದೆ ಹರಡಿಕೊಂಡಿರುತ್ತಿದ್ದವು. ಗೀರಣ್ಣ ಉಸಿರು ಬಿಗಿಹಿಡಿದು, ಸಪೂರ ಪ್ಲಾಸ್ಟಿಕ್ ನಳಿಗೆಯ ತುದಿಯಿಂದ ಆ ಅಂಗಳದ ನಡುವೆ ಒಂದೇ ಒಂದು ಗೀರು ಎಳೆಯುತ್ತಿದ್ದ. ಗೀರಿದ ಕಡೆ ಕೋಶಗಳು ಕಿತ್ತುಹೋಗಿ ಬರಿದಾದ ಓಣಿಯೊಂದು ಉಳಿಯುತ್ತಿತ್ತು. ಆಮೇಲೆ ಕಾಯುವುದಷ್ಟೆ. ಪಕ್ಕದವರು ಇಲ್ಲವಾದರು ಎಂದು ಓಣಿಯ ಅಂಚಿನ ಕೋಶಗಳಿಗೆ ಹೇಗೋ ಗೊತ್ತಾಗುತ್ತಿತ್ತು. ಅವು ಹಿಡಿತ ಸಡಿಲಿಸಿ, ಮುಂದಕ್ಕೆ ತೆವಳಿ, ಎದುರು ದಡದಿಂದ ಬಂದವುಗಳನ್ನು ಮುಟ್ಟಿ ನಿಲ್ಲುತ್ತಿದ್ದವು. ಇವತ್ತು ಸಂಜೆ ನಾಲ್ಕಕ್ಕೆ ಗೀರಿದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಓಣಿ ಇರುತ್ತಿರಲಿಲ್ಲ. ಕೋಶಗಳನ್ನು ನಡೆಸುವ ಜೀನು ಯಾವುದು, ನಿಲ್ಲಿಸುವುದು ಯಾವುದು ಎಂದು ತಿಳಿಯಲು ಪ್ರಯೋಗಾಲಯದ ಮುಖ್ಯಸ್ಥೆ ದೀಪ ಆರಿಸಿದ ಹಾಗೆ ಒಂದೊಂದೇ ಜೀನನ್ನು ಆರಿಸಿ ನೋಡುತ್ತಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ತಲೆ ಅವರದು, ಕೈ ಇವನದು.

ಗೀರು ನೆಟ್ಟಗಿರಬೇಕು. ಸೊಟ್ಟಗಾದರೆ ಅಳತೆ ಕೆಡುತ್ತದೆ. ಇವನಷ್ಟು ನೆಟ್ಟಗೆ ಗೀರುವವರು ಇನ್ನೊಬ್ಬರಿರಲಿಲ್ಲ. ಬೇರೆ ಪ್ರಯೋಗಾಲಯದವರು ಬಂದು ಪಕ್ಕದಲ್ಲಿ ನಿಂತು ಕಲಿತು ಹೋಗುತ್ತಿದ್ದರು. ಹೆಸರು ಬಿದ್ದದ್ದೂ ಹಾಗೆಯೇ. ಚಟ ಮನೆಗೂ ಬಂತು. ಹೆಂಡತಿ ಬೆಳಿಗ್ಗೆ ಕನ್ನಡಿ ಮುಂದೆ ನಿಂತರೆ ಹಿಂದಿನಿಂದ, "ಬೈತಲೆ ಎಡಕ್ಕೆ ವಾಲಿದೆ ಕಣೇ" ಎನ್ನುತ್ತಿದ್ದ.

"ನಿಮ್ಮ ತಲೇಲಿ ತೆಗೆಯೋಕೆ ಬೈತಲೇನೇ ಇಲ್ಲ. ನನ್ನದು ನೋಡಿ ಸಮಾಧಾನ ಮಾಡ್ಕೊಳ್ಳಿ," ಎನ್ನುತ್ತಿದ್ದಳು ಅವಳು.

ತಟ್ಟೆಯ ಕೋಶಗಳಿಗೆ ಪ್ರಯೋಗಾಲಯದಲ್ಲಿ 'ಹುಡುಗಿ' ಎಂದು ಹೆಸರು. ಮೊದಲು ತರಿಸಿಕೊಂಡ ಸೀಸೆಯ ಚೀಟಿಯಲ್ಲಿ 'ಆರೋಗ್ಯವಂತ ಯುವತಿ, ಇಪ್ಪತ್ತೆರಡು ವರ್ಷ' ಎಂದು ಬರೆದಿತ್ತು. "ಹುಡುಗಿ ಹೇಗಿದ್ದಾಳೆ?" ಎಂದು ಮೇಡಂ ಕೇಳುವರು. "ಚೆನ್ನಾಗಿದ್ದಾಳೆ ಮೇಡಂ, ಊಟ ಆಯ್ತು," ಎಂದು ಇವನು ಹೇಳುವನು. ಊಟವೆಂದರೆ ದಿನ ಬಿಟ್ಟು ದಿನ ಬದಲಾಯಿಸುವ ಗುಲಾಬಿ ಬಣ್ಣದ ದ್ರವ. ಮದುವೆಯಾದ ಹೊಸತರಲ್ಲಿ ಅವನು ಫೋನು ಮಾಡಿ, "ಹುಡುಗಿಗೆ ಊಟ ಹಾಕಿ ಬರ್ತೀನಿ, ಸ್ವಲ್ಪ ತಡ," ಎಂದಾಗ ಹೆಂಡತಿ ಮೂರು ದಿನ ಮಾತು ಬಿಟ್ಟಳು. ವಿಷಯ ತಿಳಿದ ಮೇಲೆ, "ತಟ್ಟೇಲಿರೋಳು ನನ್ನ ತಲೆ ಮೇಲೆ ಯಾಕೆ ಕೂತಿದ್ದಾಳೆ?" ಎಂದಳು. ಆಮೇಲೆ ಅಭ್ಯಾಸವಾಯಿತು.

ಆದರೆ ಹುಡುಗಿಯ ಬಗ್ಗೆ ಗೀರಣ್ಣ ಹೆಂಡತಿಗೂ ಹೇಳದ ಒಂದು ಸಂಗತಿ ಇತ್ತು.

ಅವನಿಗೆ ಮದುವೆಯಾಗುವ ಮುಂಚೆ, ಮೂವತ್ತೆರಡರ ವಯಸ್ಸಿನಲ್ಲಿ, ಮೇಡಂ ಎರಡು ತಿಂಗಳು ಪರದೇಶಕ್ಕೆ ಹೋಗಿದ್ದಾಗ, ಇವನು ತಂಗಿಯ ಮದುವೆಗೆಂದು ಎರಡು ದಿನ ರಜೆ ಹಾಕಿ ಐದು ದಿನ ಉಳಿದುಬಿಟ್ಟ. ಹುಡುಗಿಯ ಸೀಸೆಗಳನ್ನೆಲ್ಲ ಹೆಪ್ಪುಗಟ್ಟಿಸಿ ಇಟ್ಟಿದ್ದ ತೊಟ್ಟಿಗೆ ವಾರಕ್ಕೊಮ್ಮೆ ತಣ್ಣನೆಯ ದ್ರವ ತುಂಬಬೇಕಿತ್ತು. ತುಂಬುವವನು ಮದುವೆ ಮನೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ. ಬಂದು ನೋಡಿದರೆ ತೊಟ್ಟಿ ಒಣಗಿತ್ತು, ಪೆಟ್ಟಿಗೆಯಲ್ಲಿದ್ದ ತಟ್ಟೆಗಳು ಊಟವಿಲ್ಲದೆ ಬತ್ತಿದ್ದವು. ಹುಡುಗಿ ಹೋಗಿದ್ದಳು.

ಎರಡು ದಿನ ಯೋಚಿಸಿದ. ಮೂರನೇ ದಿನ ಬಾಗಿಲು ಹಾಕಿಕೊಂಡು, ಚರ್ಮದ ಚೂರು ತೆಗೆಯಲು ಬಳಸುವ ನಾಲ್ಕು ಮಿಲಿಮೀಟರಿನ ದುಂಡನೆ ಬ್ಲೇಡನ್ನು ತನ್ನ ಎಡತೋಳಿನ ಒಳಮಗ್ಗುಲಿಗೆ ಒತ್ತಿದ. ಆ ಚೂರಿನಿಂದ ಕೋಶ ಬಿಡಿಸಿ, ತಟ್ಟೆಗೆ ಹಾಕಿ, ಊಟ ಕೊಟ್ಟು, ಆರು ವಾರ ಕಾದ. ಇಂಥ ಕೋಶಗಳು ಕೆಲವು ತಿಂಗಳಲ್ಲಿ ಸುಸ್ತಾಗಿ ನಿಂತುಹೋಗುವುದು ವಾಡಿಕೆ. ಅಷ್ಟರಲ್ಲಿ ಹೊಸ ಸೀಸೆ ತರಿಸಿಕೊಳ್ಳೋಣ, ಮೇಡಂ ಬಂದ ಕೂಡಲೇ ಎಲ್ಲ ಹೇಳಿಬಿಡೋಣ ಎಂದು ಅವನ ಲೆಕ್ಕಾಚಾರ. ಅಪರೂಪಕ್ಕೆ ಕೆಲವು ಕೋಶಗಳು ನಿಲ್ಲುವುದನ್ನೇ ಮರೆಯುತ್ತವೆ. ಇವು ಆ ಜಾತಿಯವು.

ಮೇಡಂ ಬಂದರು. ಕೋಟೂ ತೆಗೆಯದೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಅರೆ, ಹುಡುಗಿ ಎಷ್ಟು ಚುರುಕಾಗಿದ್ದಾಳೆ. ಮೊದಲು ಮೂವತ್ತು ಗಂಟೆ ತಗೋತಿದ್ದಳು ಸೋಮಾರಿ. ಏನು ಮಾಡಿದ್ರಿ?"

"ಹೊತ್ತಿಗೆ ಸರಿಯಾಗಿ ಊಟ ಮೇಡಂ," ಎಂದ ಗೀರಣ್ಣ. ಅಲ್ಲಿಂದ ಇಪ್ಪತ್ತೊಂದು ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿ ಹೆಣ್ಣು ಹೌದೋ ಅಲ್ಲವೋ ಎಂದು ಯಾರೂ ಪರೀಕ್ಷಿಸಲೂ ಇಲ್ಲ, ಚೀಟಿಯಲ್ಲಿ ಬರೆದಿದೆಯಲ್ಲ. ನಲವತ್ತೊಂದು ಪ್ರಬಂಧಗಳು ಹೊರಬಂದವು. ಪ್ರತಿಯೊಂದರಲ್ಲೂ 'ಇಪ್ಪತ್ತೆರಡು ವರ್ಷದ ಆರೋಗ್ಯವಂತ ಯುವತಿಯ ಚರ್ಮ' ಎಂಬ ಸಾಲು. ಅದನ್ನು ಓದುವಾಗ ಅವನಿಗೆ ನಾಚಿಕೆಯೂ ಆಗುತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ. ಆರೋಗ್ಯವಂತ ಅನ್ನುವುದಾದರೂ ನಿಜವಲ್ಲ ಎನ್ನುವಂತಿರಲಿಲ್ಲ.

ಆಮೇಲೆ ಅದೂ ಸುಳ್ಳಾಯಿತು. ಐವತ್ತರ ಹೊತ್ತಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಐವತ್ಮೂರರಲ್ಲಿ ಸಂಸ್ಥೆ ಎಲ್ಲರಿಗೂ ಕಾಲಿನ ಸುರಕ್ಷತೆಗೆಂದು ಗಟ್ಟಿ ಬೂಟು ಹಂಚಿತು. ಒಂದೇ ಅಳತೆ. ಆ ಬೂಟಿನ ಅಂಚು ಉಜ್ಜಿ ಉಜ್ಜಿ ಬಲಗಾಲಿನ ಹರಡಿನ ಮೇಲೆ ಹುಣ್ಣಾಯಿತು. ಎರಡು ರೂಪಾಯಿ ನಾಣ್ಯದಷ್ಟಿದ್ದದ್ದು ಎಂಟು ತಿಂಗಳಲ್ಲಿ ಕುಡಿಯುವ ಲೋಟದ ಬಾಯಿಯಷ್ಟಾಯಿತು. ಸುರಕ್ಷತಾ ವಿಭಾಗದವರು ಬಂದು ನೋಡಿ, ಬೂಟು ಹಾಕಿದ್ದರಿಂದ ಇಷ್ಟಕ್ಕೇ ಮುಗಿಯಿತು ಎಂದು ಬರೆದುಕೊಂಡು ಹೋದರು.

ಶಸ್ತ್ರವೈದ್ಯರು ಮಾತು ಬೆಳೆಸುವವರಲ್ಲ. "ಆರು ವಾರ ನೋಡ್ತೀನಿ. ಅಂಚು ಒಳಗೆ ಸರಿಯೋಕೆ ಶುರುವಾಗಬೇಕು. ಆಗಲಿಲ್ಲ ಅಂದ್ರೆ ಮಂಡಿ ಕೆಳಗೆ ತೆಗೀಬೇಕಾಗತ್ತೆ," ಎಂದರು.

ಅವತ್ತು ಮಧ್ಯಾಹ್ನ ಅವನನ್ನು ಹುಡುಕಿಕೊಂಡು ಸಂಸ್ಥೆಯ ಗ್ರಂಥಪಾಲಕ ಮೂರನೇ ಮಹಡಿಗೆ ಹೋದ. ಇಬ್ಬರೂ ಇಪ್ಪತ್ತು ವರ್ಷದಿಂದ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದವರು. ಗೀರಣ್ಣ ಎತ್ತರದ ಸ್ಟೂಲಿನ ಮೇಲೆ ಕೂತು, ಪ್ಯಾಂಟು ಮಂಡಿಯವರೆಗೆ ಮಡಚಿ, ಬ್ಯಾಂಡೇಜು ಬಿಚ್ಚಿದ ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿ, ಸೂಕ್ಷ್ಮದರ್ಶಕದ ಪರದೆಯ ಕಡೆ ತಿರುಗಿಸಿಟ್ಟಿದ್ದ. ಪರದೆಯ ಮೇಲೆ ಹುಡುಗಿ ಓಣಿ ಮುಚ್ಚುತ್ತಿದ್ದಳು.

"ಏನು ಮಾಡ್ತಿದ್ದೀಯಾ?"

"ತೋರಿಸ್ತಿದ್ದೀನಿ," ಎಂದ ಗೀರಣ್ಣ. "ಇದಕ್ಕೆ ನಡೆಯೋದು ಹೇಗೆ ಅಂತ ಮರೆತುಹೋಗಿದೆ. ನೋಡಿ ಕಲೀಲಿ."

"ಕಾಲಿಗೆ ಕಣ್ಣಿದೆಯೇನೋ?"

"ತಟ್ಟೆಗೆ ಇದೆಯಾ? ಅದಕ್ಕೆ ಹೇಗೆ ಗೊತ್ತಾಗತ್ತೆ?"

ಗ್ರಂಥಪಾಲಕ ಸ್ಟೂಲು ಎಳೆದುಕೊಂಡು ಕೂತ. ಅವನಿಗೆ ಗೊತ್ತಿದ್ದದ್ದು ಅವನ ಕೆಲಸದ ಭಾಷೆಯಲ್ಲೇ. ಮೈಯ ಪ್ರತಿಯೊಂದು ಕೋಶದಲ್ಲೂ ಇರುವುದು ಅದೇ ಒಂದು ಪುಸ್ತಕ. ಕಣ್ಣಿನ ಕೋಶಕ್ಕೂ ಕಾಲಿನ ಕೋಶಕ್ಕೂ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಯಾವ ಪುಟ ತೆರೆದಿದೆ ಅನ್ನುವುದರಲ್ಲಿ. ಪುಟ ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಳಗೆ ಗುಮಾಸ್ತರಿದ್ದಾರೆ. ಪಕ್ಕದವನು ಇಲ್ಲವಾದ ಸುದ್ದಿ ಅಂಚಿನ ಕೋಶಕ್ಕೆ ಮುಟ್ಟಿದರೆ ಗುಮಾಸ್ತ ಓಡಿಹೋಗಿ 'ನಡೆ' ಅನ್ನುವ ಪುಟ ತೆರೆಯುತ್ತಾನೆ, ಸದ್ಯಕ್ಕೆ 'ಒಂದು ಎರಡಾಗು, ಹೆಚ್ಚು' ಅನ್ನುವ ಪುಟ ಮುಚ್ಚುತ್ತಾನೆ. ಎದುರಿನವನು ಸಿಕ್ಕ ಮೇಲೆ ಎಲ್ಲ ಮೊದಲಿನಂತೆ.

"ಹಾಗಾದ್ರೆ ನನ್ನ ಕಾಲಿನ ಗುಮಾಸ್ತ ರಜೆ ಹಾಕಿದ್ದಾನೆ."

"ಎರಡು ದಿನ ಅಂತ ಹೋಗಿ ಎಂಟು ತಿಂಗಳಾದ್ರೂ ಬಂದಿಲ್ಲ."

ಇದಕ್ಕೆ ಗೀರಣ್ಣ ನಗಬೇಕಿತ್ತು. ನಗಲಿಲ್ಲ. ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದ. ಗ್ರಂಥಪಾಲಕನಿಗೆ ಯಾಕೆಂದು ಆಗ ಗೊತ್ತಾಗಲಿಲ್ಲ.

ಒಂದೇ ಪುಸ್ತಕ. ತಟ್ಟೆಯಲ್ಲಿ ಓಡುವುದೂ ತಾನೇ, ಕಾಲಿನಲ್ಲಿ ಕೂತಿರುವುದೂ ತಾನೇ. ಊಟ ಹಾಕಿದ ಕಡೆ ತನ್ನ ಚರ್ಮ ಮಾತು ಕೇಳುತ್ತದೆ, ತಾನೇ ನಿಂತಿರುವ ಕಡೆ ಕೇಳುವುದಿಲ್ಲ. ಗೀರಣ್ಣ ಬ್ಯಾಂಡೇಜು ಸುತ್ತಿಕೊಂಡು, ಪ್ಯಾಂಟು ಇಳಿಸಿ, ಕುಂಟುತ್ತ ಮೇಡಂ ಕೋಣೆಗೆ ಹೋದ.

ಮೇಡಂ ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಗಾಯದ ಅಂಚಿನ ಚೂರು ಸಿಕ್ಕಿದ್ರೆ ಯಾವ ಜೀನು ಆನ್ ಇದೆ, ಯಾವುದು ಆಫ್ ಇದೆ ಅಂತ ನೋಡಬಹುದು. ಆದ್ರೆ ಯಾವುದರ ಜೊತೆ ಹೋಲಿಸಲಿ? ಹುಡುಗಿ ಜೊತೆ ಹೋಲಿಸಿದ್ರೆ ವ್ಯತ್ಯಾಸ ಕಾಯಿಲೆಯದೋ, ಬೇರೆ ಮನುಷ್ಯರು ಅನ್ನೋದರದೋ ಗೊತ್ತಾಗಲ್ಲ. ಈಗ ನಿಮ್ಮ ಮೈಮೇಲೆ ಇನ್ನೊಂದು ಗಾಯ ಮಾಡೋಕೆ ಡಾಕ್ಟರು ಬಿಡಲ್ಲ. ನೀವು ಚೆನ್ನಾಗಿದ್ದಾಗಿನ ನಿಮ್ಮದೇ ಚರ್ಮ ಇದ್ದಿದ್ರೆ ಮಾತು ಬೇರೆ."

"ಇದೆ ಮೇಡಂ."

"ಎಲ್ಲಿದೆ?"

ಅವನು ಬಾಗಿಲಾಚೆಯ ಬೆಚ್ಚನೆ ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಹುಡುಗಿ ನಾನೇ."

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಎಷ್ಟು ವರ್ಷದಿಂದ?"

"ಇಪ್ಪತ್ತೊಂದು."

"ನಲವತ್ತೊಂದು ಪ್ರಬಂಧ."

"ಹೌದು ಮೇಡಂ."

"ಎಲ್ಲದರಲ್ಲೂ ನೀವು ಇಪ್ಪತ್ತೆರಡು ವರ್ಷದ ಹುಡುಗಿ."

"ಹೌದು ಮೇಡಂ."

ಹೊರಗೆ ಯಾವುದೋ ಯಂತ್ರ ಗುಂಯ್‌ಗುಟ್ಟುತ್ತಿತ್ತು. ಮೇಡಂ ಎದ್ದು ಬಾಗಿಲು ಹಾಕಿದರು. ಆಮೇಲೆ, "ನಲವತ್ತೊಂದು ಕಡೆಗೂ ನಾನು ತಿದ್ದುಪಡಿ ಬರೀಬೇಕು. ಬರೀತೀನಿ. ನಿಮ್ಮ ಮೇಲೆ ನನಗೆ ಎಷ್ಟು ಕೋಪ ಬಂದಿದೆ ಅಂತ ಹೇಳೋಕೆ ಈಗ ಪುರುಸೊತ್ತಿಲ್ಲ. ಡಾಕ್ಟರ ನಂಬರು ಕೊಡಿ," ಎಂದರು.

ಶಸ್ತ್ರವೈದ್ಯರ ಒಪ್ಪಿಗೆ ಪಡೆದು, ಗಾಯ ಶುಚಿ ಮಾಡುವಾಗ ಸಿಗುವ ಚೂರುಗಳನ್ನು ಆಸ್ಪತ್ರೆಯ ಸಿಸ್ಟರ್ ಮೂರು ಸೀಸೆಯಲ್ಲಿ ಹಾಕಿಕೊಟ್ಟರು: ತೀರಾ ಅಂಚಿನದು, ಅದರಿಂದ ಎರಡು ಮಿಲಿಮೀಟರು ಆಚೆಯದು, ನಾಲ್ಕು ಮಿಲಿಮೀಟರು ಆಚೆಯದು. ಆದರೆ ಹುಡುಗಿ ನಿಜಕ್ಕೂ ಗೀರಣ್ಣನೇ ಎಂದು ಮೊದಲು ಸಾಬೀತಾಗಬೇಕಿತ್ತು. ಅದಕ್ಕಾಗಿ ಅವನ ಎಂಜಲನ್ನು ಮಾದರಿ ಎಂದು ನೋಂದಾಯಿಸಿ ಪರೀಕ್ಷೆಗೆ ಕಳಿಸಿದರು. ಎರಡೂ ಒಂದೇ ಎಂದು ವರದಿ ಬಂತು. ವರದಿಯ ಹಿಂದೆಯೇ ಸಂಸ್ಥೆಯ ಮಾದರಿಗಳ ಲೆಕ್ಕವಿಡುವ ನೋಂದಣಿ ಅಧಿಕಾರಿಯೂ ಬಂದರು. ಒಳ್ಳೆಯ ಮನುಷ್ಯ. ನಿಯಮ ಬಿಟ್ಟು ಆಚೀಚೆ ನೋಡದವರು.

"ಎರಡು ಮಾದರಿ ಒಂದೇ ಅಂತ ಬಂದ್ರೆ, ಒಂದು ಇನ್ನೊಂದರಿಂದ ಕೆಟ್ಟಿದೆ ಅಂತ ಅರ್ಥ. ಏಳನೇ ನಿಯಮ."

"ಕೆಟ್ಟಿಲ್ಲ ಸಾರ್. ಎರಡೂ ನಾನೇ."

"ಅದು ನಿಮ್ಮ ಅಭಿಪ್ರಾಯ. ದಾಖಲೆ ಪ್ರಕಾರ ಹುಡುಗಿ ಇಪ್ಪತ್ತೈದು ವರ್ಷದಿಂದ ಇಲ್ಲಿದ್ದಾಳೆ. ನೀವು ಮಾದರಿ ಅಂತ ನೋಂದಣಿ ಆಗಿದ್ದು ಹೋದ ಮಂಗಳವಾರ. ಮೊದಲು ಬಂದಿದ್ದು ಅಸಲು, ಆಮೇಲೆ ಬಂದಿದ್ದು ಮಲಿನ."

"ಅಂದ್ರೆ ನನ್ನೊಳಗೆ ಹುಡುಗಿ ಸೇರ್ಕೊಂಡಿದ್ದಾಳೆ ಅಂತೀರಾ?"

"ವರದಿ ಹಾಗೆ ಹೇಳತ್ತೆ."

"ಎಷ್ಟು?"

ಅಧಿಕಾರಿ ಹಾಳೆ ತಿರುವಿದರು. "ನೂರಕ್ಕೆ ನೂರು."

ಅಧಿಕಾರಿ ಮುಂದುವರಿಸಿದರು: "ಮಲಿನ ಮಾದರೀನ ನೂರ ಇಪ್ಪತ್ತೊಂದು ಡಿಗ್ರಿ ಉಗಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು ನಾಶ ಮಾಡಿದ್ದಾಯ್ತು ಅಂತ ಸಹಿ ಬೇಕು."

"ಯಾರ ಸಹಿ?"

"ಉಗಿ ಯಂತ್ರ ನೋಡ್ಕೊಳ್ಳೋರದು."

ಉಗಿ ಯಂತ್ರ ನೋಡಿಕೊಳ್ಳುತ್ತಿದ್ದವನೂ ಗೀರಣ್ಣನೇ.

"ಬುಧವಾರ ಆಗತ್ತಾ?" ಎಂದರು ಅಧಿಕಾರಿ.

"ಬುಧವಾರ ಆಸ್ಪತ್ರೆಗೆ ಹೋಗಬೇಕು ಸಾರ್."

"ಸರಿ, ಗುರುವಾರ ಅಂತ ಹಾಕ್ತೀನಿ."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಮದುವೆ ಮನೆ, ಒಣಗಿದ ತೊಟ್ಟಿ, ತೋಳಿನ ಚೂರು, ಉಗಿ. ಅವಳು ಅವನ ಅಂಗಿಯ ತೋಳು ಸರಿಸಿ, ಒಳಮಗ್ಗುಲಿನ ದುಂಡನೆ ಕಲೆಯನ್ನು ಬೆರಳಿಂದ ಮುಟ್ಟಿ ನೋಡಿದಳು. ಸಿಡುಬಿನ ಕಲೆ ಎಂದು ಅವನು ಹೇಳಿದ್ದನ್ನು ಇಷ್ಟು ವರ್ಷ ನಂಬಿದ್ದಳು.

"ಗುರುವಾರ ಉಗೀಲಿ ಇಡ್ತಾರಂತೆ ಕಣೇ."

"ಇಪ್ಪತ್ತು ನಿಮಿಷಕ್ಕೆ ಬೇಯೋ ಪೈಕಿ ಅಲ್ಲ ನೀವು," ಎಂದಳು. ಆಮೇಲೆ ಕಾಲಿನ ಹತ್ತಿರ ಕೂತು ಬ್ಯಾಂಡೇಜು ಬಿಚ್ಚುತ್ತ, "ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಟ್ಟೆ ನಾನು. ಮೊದಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು.

ಉಗಿಯ ವಿಷಯವನ್ನು ಮೇಡಂ ಬಗೆಹರಿಸಿದರು. ಏಳನೇ ನಿಯಮದಲ್ಲೇ ಎರಡನೇ ಭಾಗವಿತ್ತು: ನಾಶಪಡಿಸಲಾಗದಿದ್ದಲ್ಲಿ ಎರಡು ಮಾದರಿಗಳನ್ನೂ ಎಂದೂ ಒಂದೇ ಕೋಣೆಯಲ್ಲಿ ಇಡತಕ್ಕದ್ದಲ್ಲ. ಹಾಗಾಗಿ ಗೀರಣ್ಣನನ್ನು ನೆಲಮಹಡಿಯ ಗಾಜು ತೊಳೆಯುವ ಕೋಣೆಗೆ ಹಾಕಿದರು. ಇಪ್ಪತ್ತೊಂದು ವರ್ಷ ಊಟ ಹಾಕಿದವನಿಗೆ ಮೂರನೇ ಮಹಡಿಯ ಬಾಗಿಲು ಮುಚ್ಚಿತು. ಅವನ ಜಾಗಕ್ಕೆ ಬಂದ ಹೆಣ್ಣುಮಗಳು ದಿನಕ್ಕೆರಡು ಸಲ ಕೆಳಗಿಳಿದು ಬಂದು, "ಗೀರಣ್ಣ, ಇವತ್ತೂ ಸೊಟ್ಟಗಾಯ್ತು," ಎನ್ನುತ್ತಿದ್ದಳು. ಅವನು ಒದ್ದೆ ಮೇಜಿನ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸುತ್ತಿದ್ದ. "ಮಣಿಕಟ್ಟು ಆಡಬಾರದಮ್ಮ. ಭುಜದಿಂದ ಬರಬೇಕು. ಉಸಿರು ಅರ್ಧಕ್ಕೆ ಬಿಡಬೇಡ."

ಆರು ವಾರದಲ್ಲಿ ಎರಡು ವಾರ ಹೀಗೇ ಹೋಯಿತು. ಮೂರನೆಯದರ ಮೊದಲ ದಿನ ಮೇಡಂ ತಾವೇ ಗಾಜು ತೊಳೆಯುವ ಕೋಣೆಗೆ ಬಂದರು. ಕೈಯಲ್ಲಿ ಬಣ್ಣದ ಚುಕ್ಕೆಗಳ ಹಾಳೆ.

"ನಿಮ್ಮ ಅಂಚಿನ ಕೋಶಗಳಲ್ಲಿ ನಡೆಸೋ ಜೀನುಗಳು ಮಲಗಿಬಿಟ್ಟಿವೆ. ಹೆಚ್ಚಿಸೋ ಜೀನುಗಳು ಆರೋದೇ ಇಲ್ಲ. ಹೆಚ್ಚತಾನೇ ಇವೆ, ನಡೆಯಲ್ಲ. ಅದಕ್ಕೇ ಅಂಚು ದಪ್ಪಗಾಗಿರೋದು."

ಗೀರಣ್ಣನಿಗೆ ತಕ್ಷಣ ಅರ್ಥವಾಯಿತು. ದಿನಾ ಬೆಳಿಗ್ಗೆ ಅವನ ಬಸ್ಸಿನಲ್ಲಿ ಜನ ಬಾಗಿಲ ಹತ್ತಿರವೇ ಜೋತುಬೀಳುತ್ತಾರೆ, ಮತ್ತೆ ಮತ್ತೆ ಹತ್ತುತ್ತಾರೆ, ಒಳಗೆ ಜಾಗ ಖಾಲಿ ಇದ್ದರೂ ಒಬ್ಬನೂ ಮುಂದೆ ಹೋಗುವುದಿಲ್ಲ. "ಅವರನ್ನ ಇಳಿಸಬೇಕು," ಎಂದ.

"ಹೌದು. ಎಲ್ಲಿವರೆಗೆ ಅನ್ನೋದು ಈಗ ಗೊತ್ತಾಗಿದೆ. ಎರಡು ಮಿಲಿಮೀಟರು ಆಚೆಯೂ ಹಾಗೇ ಇವೆ. ನಾಲ್ಕು ಮಿಲಿಮೀಟರಿನ ಕೋಶಗಳು ಹುಡುಗಿ ಥರಾನೇ ಇವೆ. ಅವಕ್ಕೆ ಇನ್ನೂ ಕೇಳಿಸತ್ತೆ. ಅಲ್ಲಿವರೆಗೆ ಕೆರೆದು ತೆಗೀಬೇಕು."

"ಅಂದ್ರೆ ಗಾಯ ಇನ್ನೂ ದೊಡ್ಡದು ಮಾಡಬೇಕು."

"ನಿಮಗೆ ಹೊಸ ಕೆಲಸವೇನಲ್ಲವಲ್ಲ," ಎಂದರು ಮೇಡಂ. ಇಪ್ಪತ್ತೊಂದು ವರ್ಷದ ಕೋಪದಲ್ಲಿ ಅವರು ಬಾಯಿಬಿಟ್ಟು ತೀರಿಸಿಕೊಂಡದ್ದು ಅಷ್ಟೇ.

ಬುಧವಾರ ಆಸ್ಪತ್ರೆಯಲ್ಲಿ ಸಿಸ್ಟರ್ ಕಾಲಿಗೆ ಮರಗಟ್ಟುವ ಔಷಧ ಕೊಟ್ಟು, ನೀಲಿ ಪೆನ್ನಿನಿಂದ ನಾಲ್ಕು ಮಿಲಿಮೀಟರು ಆಚೆ ಸುತ್ತ ಗುರುತು ಹಾಕಿಕೊಂಡರು. ಕೆರೆಯುವ ಚಮಚದಂಥ ಬ್ಲೇಡು ಕೈಗೆತ್ತಿಕೊಂಡದ್ದೇ ತಡ, ಗೀರಣ್ಣ ಕತ್ತೆತ್ತಿದ.

"ಸಿಸ್ಟರ್, ಮಣಿಕಟ್ಟು."

"ಏನು?"

"ಮಣಿಕಟ್ಟು ಆಡ್ತಿದೆ. ಗೆರೆ ಸೊಟ್ಟಗಾಗತ್ತೆ."

"ಮಲಗಿ ಸುಮ್ಮನೆ."

ಎರಡು ನಿಮಿಷ ಕಳೆಯಿತು. "ಸಿಸ್ಟರ್, ಉಸಿರು ಅರ್ಧಕ್ಕೆ ಬಿಟ್ರಿ."

ಸಿಸ್ಟರ್ ಬ್ಲೇಡು ಕೆಳಗಿಟ್ಟು ಹೊಸದೊಂದು ತೆಗೆದು ಅವನ ಮುಂದೆ ಹಿಡಿದರು. "ತಗೊಳ್ಳಿ. ನೀವೇ ಮಾಡಿ ತೋರಿಸಿ."

ಗೀರಣ್ಣ ಎದ್ದು ಕೂತ. ಹೆಂಡತಿ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಹತ್ತಾರು ಸಾವಿರ ಗೀರು ಎಳೆದ ಕೈ. ಬ್ಲೇಡನ್ನು ನೀಲಿ ಗುರುತಿನ ಮೇಲೆ ತಂದ. ಕೈ ಗಡಗಡ ನಡುಗಿತು. ಉಸಿರು ಬಿಗಿಹಿಡಿದ, ಭುಜ ಬಿಗಿಮಾಡಿದ, ಮತ್ತೆ ತಂದ, ಮತ್ತೆ ನಡುಗಿತು. ಬ್ಲೇಡನ್ನು ವಾಪಸು ಕೊಟ್ಟು ಮಲಗಿದ.

"ತಟ್ಟೇಲಿದ್ದಿದ್ದೂ ನಾನೇ. ಅವಾಗ ಒಂದು ದಿನಾನೂ ನಡುಗಲಿಲ್ಲ," ಎಂದ ಸೂರು ನೋಡುತ್ತ.

"ತಟ್ಟೇಲಿದ್ದಾಗ ನಿಮಗೆ ಹೆಂಡತಿ ಇರಲಿಲ್ಲ," ಎಂದರು ಸಿಸ್ಟರ್. "ಈಗ ಬಾಯಿ ಮುಚ್ಚಿ."

ಅಂಚು ಸೊಟ್ಟಸೊಟ್ಟಗೇ ಆಯಿತು. ಸಿಸ್ಟರ್ ಗಾಯದ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇಟ್ಟು, ಪೆನ್ನಿನಿಂದ ಅಂಚು ಬರೆದುಕೊಂಡು, ಹೆಂಡತಿಯ ಕೈಗೆ ಕೊಟ್ಟರು. "ವಾರ ವಾರ ಹೀಗೇ ಬರೆದು ಒಂದರ ಮೇಲೊಂದು ಇಟ್ಟು ನೋಡಿ. ಒಳಗೆ ಬಂದ್ರೆ ಗೊತ್ತಾಗತ್ತೆ."

ಮೊದಲ ವಾರ ಗೆರೆ ಇದ್ದಲ್ಲೇ ಇತ್ತು. ಎರಡನೇ ವಾರವೂ ಇದ್ದಲ್ಲೇ ಇತ್ತು. ಗೀರಣ್ಣ ಅವತ್ತು ಗ್ರಂಥಪಾಲಕನಿಗೆ ಊರುಗೋಲಿನ ಅಂಗಡಿ ಎಲ್ಲಿದೆ ಎಂದು ಕೇಳಿದ. ಮೂರನೇ ಬುಧವಾರ ಹೆಂಡತಿ ಹಾಳೆಗಳನ್ನು ಕಿಟಕಿಯ ಗಾಜಿಗೆ ಒತ್ತಿಹಿಡಿದು ಬಹಳ ಹೊತ್ತು ನೋಡಿದಳು.

"ರೀ, ಇಲ್ಲಿ ಬನ್ನಿ. ಇಲ್ಲೊಂದು ಕಡೆ ಹೊಸ ಗೆರೆ ಹಳೇದರ ಒಳಗಿದೆ."

"ನಿನ್ನ ಕೈ ನಡುಗಿರತ್ತೆ."

"ನಡುಗೋದು ನಿಮ್ಮ ಕೈ."

ಮೂರು ಮಿಲಿಮೀಟರು. ಶಸ್ತ್ರವೈದ್ಯರು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಪರೇಷನ್ ಪಟ್ಟಿಯಲ್ಲಿದ್ದ ಅವನ ಹೆಸರಿನ ಮೇಲೆ ಒಂದು ಗೆರೆ ಎಳೆದು, "ಮುಂದಿನ ತಿಂಗಳು ಬನ್ನಿ," ಎಂದರು. ಆ ಗೆರೆ ನೆಟ್ಟಗಿತ್ತು ಎಂದು ಗೀರಣ್ಣ ಸಿಕ್ಕಿದವರಿಗೆಲ್ಲ ಹೇಳಿದ.

ಗಾಯ ಪೂರ್ತಿ ಮುಚ್ಚಲು ಹದಿನಾಲ್ಕು ವಾರ ಬೇಕಾಯಿತು. ತಟ್ಟೆಯಲ್ಲಿ ಹದಿನೆಂಟು ಗಂಟೆ, ಕಾಲಿನಲ್ಲಿ ಹದಿನಾಲ್ಕು ವಾರ. "ವಯಸ್ಸಾಗಿದೆ, ಮರ್ಯಾದೆಯಿಂದ ನಡೆದು ಬಂದಿವೆ," ಎನ್ನುತ್ತಿದ್ದ. ಹದಿನಾಲ್ಕನೇ ವಾರದ ಹಾಳೆಯ ಮೇಲೆ ಹೆಂಡತಿ ಬರೆಯಲು ಗೆರೆಯೇ ಇರಲಿಲ್ಲ. ಬರೀ ತಾರೀಕು ಬರೆದಳು.

ಅದಾದ ಮೇಲೆ ಅವನು ಒಂದು ವರ್ಷ ನಾಲ್ಕು ತಿಂಗಳು ಎರಡೂ ಕಾಲಿನ ಮೇಲೆ ಓಡಾಡಿದ. ಒಂದು ಭಾನುವಾರ ಬೆಳಿಗ್ಗೆ, ತರಕಾರಿ ತರಲು ಹೊರಟು ಬಾಗಿಲ ಹತ್ತಿರದ ಮೆಟ್ಟಿಲ ಮೇಲೆ ಕೂತು ಷೂ ಹಾಕಿಕೊಳ್ಳುತ್ತಿದ್ದಾಗ ಎದೆಬಡಿತ ನಿಂತಿತು. ಬಲಗಾಲಿನ ಲೇಸು ಕಟ್ಟಿಯಾಗಿತ್ತು. ಎಡಗಾಲಿನದು ಆಗಿರಲಿಲ್ಲ. ಕಾಲಿಗಾಗಿ ಅಷ್ಟು ಹೆಣಗಿದವರಲ್ಲಿ ಯಾರೊಬ್ಬರೂ ಎದೆಯ ಕಡೆ ನೋಡಿರಲಿಲ್ಲ.

ಹೋದ ವಾರ ಅವನ ಹೆಂಡತಿ ಸಂಸ್ಥೆಗೆ ಬಂದಳು. ಹುಡುಗಿಯನ್ನು ಒಮ್ಮೆ ನೋಡಬೇಕು ಎಂದಳು. ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ನೋಂದಣಿ ಅಧಿಕಾರಿ ಎದ್ದು ನಿಂತು, ಕುರ್ಚಿ ಕೊಟ್ಟು, ಪುಸ್ತಕ ಮುಂದಿಟ್ಟರು. ಹೊರಗಿನಿಂದ ಬಂದವರು ತುಂಬಬೇಕಾದ ಮನೆಗಳು: ಹೆಸರು, ತಾರೀಕು, ಮಾದರಿಯೊಂದಿಗೆ ಸಂಬಂಧ. ಕೊನೆಯದರಲ್ಲಿ ಎಲ್ಲರೂ 'ಸಂಶೋಧನೆ' ಎಂದು ಬರೆಯುತ್ತಾರೆ. ಅವಳು 'ಹೆಂಡತಿ' ಎಂದು ಬರೆದಳು. ಅಧಿಕಾರಿ ಓದಿದರು. ಇಂಥದ್ದಕ್ಕೆ ನಿಯಮವಿದೆಯೇ ಎಂದು ಯೋಚಿಸಿದಂತೆ ಕಂಡಿತು. ಮುದ್ರೆ ಒತ್ತಿದರು.

ಮೂರನೇ ಮಹಡಿಯಲ್ಲಿ ಹೊಸ ಹೆಣ್ಣುಮಗಳು ಹಿಂದಿನ ಸಂಜೆ ಗೀರಿದ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಒಂಬತ್ತೂವರೆ ಗಂಟೆ. ಗ್ರಂಥಪಾಲಕ ಪಕ್ಕದಲ್ಲಿ ನಿಂತಿದ್ದ. ಓಣಿ ಬಹುಪಾಲು ಮುಚ್ಚಿ ನಡುವೆ ಸಣ್ಣ ಕಿಂಡಿ ಉಳಿದಿತ್ತು. ಎರಡು ಕಡೆಯಿಂದಲೂ ಕೋಶಗಳು ಕೈ ಚಾಚಿದ್ದವು. ಹೆಂಡತಿ ಕಣ್ಣು ಕೀಳದೆ ನೋಡಿದಳು.

"ನಿನ್ನೆ ಸಂಜೆ ಶುರು ಮಾಡಿದ್ದಾ?"

"ಹೌದಮ್ಮ. ಹತ್ತಕ್ಕೆ ಮುಗಿಯತ್ತೆ."

"ಇಷ್ಟು ಬೇಗ ಇವರು ಮನೇಲಿ ಒಂದು ಕೆಲಸಾನೂ ಮಾಡಲಿಲ್ಲ," ಎಂದಳು. ಎದ್ದು ಹೋಗಲಿಲ್ಲ. ಸೆರಗಿನಿಂದ ಮಸೂರ ಒರೆಸಿ, ಹತ್ತು ಗಂಟೆಯವರೆಗೂ ಅಲ್ಲೇ ಕೂತಿದ್ದಳು.